ನಲವತ್ತೊಂದು ನಿಮಿಷ ಬಾಗಿಲ ಹೊರಗೆ ನಿಂತವನ ವಿವರಣೆ

ವಿದೇಶಿಯರ ವಾಸ್ತವ್ಯ ಕಚೇರಿಯ ಮುಖ್ಯಾಧಿಕಾರಿಗಳೇ,

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ, ಆಮೇಲೆ ಮಾತು. ಹದಿನಾಲ್ಕು ತಿಂಗಳು. ಮೂರು ಅರ್ಜಿ. ನಗಬಾರದೆಂದು ಗದರಿಸಿ ತೆಗೆದ ಹನ್ನೊಂದು ಫೋಟೊ. ಬೆರಳಚ್ಚಿಗೆಂದು ನಾಲ್ಕು ಸಲ ಓಡಾಟ. ಇಪ್ಪತ್ತೆರಡು ವರ್ಷ ಅರ ಹಿಡಿದು ಕೀ ಉಜ್ಜಿದ ನನ್ನ ಬೆರಳುಗಳಲ್ಲಿ ಗೆರೆಗಳೇ ಉಳಿದಿಲ್ಲ, ನಿಮ್ಮ ಯಂತ್ರ ನನ್ನನ್ನು ಮನುಷ್ಯನೆಂದು ಒಪ್ಪಲಿಲ್ಲ. ಇಷ್ಟರ ಮೇಲೆ ಒಬ್ಬ ಮುದುಕಿ. ಈ ಕೊನೆಯ ಬಾಬ್ತು ನಿಮ್ಮ ಕಡತದಲ್ಲಿ ಸಿಗುವುದಿಲ್ಲ. ಅದಕ್ಕೇ ಈ ಪತ್ರವನ್ನು ನಿಮ್ಮ ಟಪಾಲು ಪೆಟ್ಟಿಗೆಗೆ ಹಾಕದೆ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

"ಅನುಮತಿಯಿಲ್ಲದೆ ನೆಲಮಹಡಿಯ ಬಾಗಿಲನ್ನು ತೆರೆದದ್ದು ಏಕೆ? ಹದಿನೈದು ದಿನದೊಳಗೆ ವಿವರಣೆ ನೀಡತಕ್ಕದ್ದು" ಎಂದು ನೋಟಿಸ್ ಕಳಿಸಿದ್ದೀರಿ. ನೀಡುತ್ತೇನೆ.

ನಾನು ಬೀಗದವನು. ರಸ್ತೆ ಬದಿಯಲ್ಲಿ ಒಂದು ಪೆಟ್ಟಿಗೆ, ಒಂದು ಕೊಡೆ ಇಟ್ಟುಕೊಂಡು ಶುರುಮಾಡಿ ಮೂವರು ಕೆಲಸಗಾರರಿದ್ದ ಅಂಗಡಿಯವರೆಗೆ ಬಂದವನು. ನನ್ನ ಹೆಂಡತಿ ಎರೆಹುಳುಗಳ ಸಂಶೋಧಕಿ. ನಿಮ್ಮ ವಿಶ್ವವಿದ್ಯಾಲಯ ಅವಳನ್ನು ಎರಡು ವರ್ಷಕ್ಕೆ ಕರೆಸಿಕೊಂಡಿತು. ಕಾಗದದಲ್ಲಿ "ಕುಟುಂಬಕ್ಕೂ ಸ್ವಾಗತ" ಎಂದಿತ್ತು. ಕುಟುಂಬವೆಂದರೆ ನಾನೊಬ್ಬ. ಅಂಗಡಿ ಬಾಗಿಲೆಳೆದು ಬಂದೆ. ಬಂದಮೇಲೆ ತಿಳಿಯಿತು, ಸ್ವಾಗತವಿದ್ದದ್ದು ಉಣ್ಣಲಿಕ್ಕೆ, ಮಲಗಲಿಕ್ಕೆ. "ಅವಲಂಬಿತರು ಸಂಬಳಕ್ಕಾಗಲಿ, ಸಂಬಳವಿಲ್ಲದೆ ಆಗಲಿ, ಯಾವುದೇ ಕೆಲಸ ಮಾಡತಕ್ಕದ್ದಲ್ಲ." ಸಂಬಳಕ್ಕೆ ಬೇಡವೆಂದದ್ದು ಅರ್ಥವಾಯಿತು ಸ್ವಾಮಿ. ಇಲ್ಲಿಯ ಕಸುಬಿನವನ ಅನ್ನ ನೀವು ಕಾಯಬೇಕು. ಎದುರು ಸಾಲಿಗೆ ಹೊಸ ಕೀ ಪೆಟ್ಟಿಗೆ ಬಂದಾಗ ಹೊಟ್ಟೆ ಉರಿದುಕೊಂಡವನೇ ನಾನೂ. ಆದರೆ ಪುಕ್ಕಟೆಯೂ ಬೇಡವೆಂದರೆ ಈ ಎರಡು ಕೈಗಳನ್ನು ಎಲ್ಲಿಡಲಿ? ಅಂಗಿಯ ಜೊತೆ ಗೂಟಕ್ಕೆ ನೇತುಹಾಕಲೆ? ಅನುಮತಿಗೆ ಅರ್ಜಿ ಹಾಕಿ ಎಂದಿರಿ, ಹಾಕಿದೆ. ಏಳು ತಿಂಗಳಾಯಿತು, "ಪರಿಶೀಲನೆಯಲ್ಲಿದೆ."

ನಾವಿರುವ ವಿದ್ವಾಂಸರ ವಸತಿಯ ನೆಲಮಹಡಿಯಲ್ಲಿ ಗ್ರಂಥಾಲಯದಿಂದ ನಿವೃತ್ತರಾದ ಮುದುಕಿಯೊಬ್ಬರು ಒಂಟಿಯಾಗಿದ್ದರು. ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿ ಕಟ್ಟಿ ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ನನ್ನನ್ನು ಮೊದಲ ದಿನವೇ ವಿಚಾರಿಸಿಕೊಂಡರು.

"ಹೆಂಡ್ತಿ ದುಡೀತಾಳೆ, ನೀನು ಕೂತು ತಿಂತೀಯ. ಮನೆಯಳಿಯಾನಾ?"

"ಮಾವನ ಮನೆಗಲ್ಲ ಅಮ್ಮ, ಸರ್ಕಾರಕ್ಕೆ."

"ಹಂಗಾದ್ರೆ ನನಗೂ ಅಳಿಯಾನೇ. ಬನ್ನಿ ಅಳಿಯಂದ್ರೇ, ಆ ಬಲ್ಬ್ ಬದಲಾಯ್ಸಿ."

ಅಂದಿನಿಂದ ಅವರು ನನಗೆ ಅತ್ತೆ. ಬಲ್ಬ್ ಬದಲಾಯಿಸಿದ್ದನ್ನೂ ಒಪ್ಪಿಕೊಂಡಿದ್ದೇನೆ, ಬರೆದುಕೊಳ್ಳಿ.

ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಕಸ ಹಾಕಲು ಹೊರಬಂದರು. ಗಾಳಿಗೆ ಬಾಗಿಲು ಬಡಿದು ಬೀಗ ಬಿತ್ತು, ಕೀ ಒಳಗೆ. ಖಾಲಿ ಶಾಂಪೂ ಬಾಟಲಿಯನ್ನು ಪಟ್ಟಿಯಾಗಿ ಕತ್ತರಿಸಿ, ಬಾಗಿಲ ಸಂದಿಗೆ ತೂರಿಸಿದೆ. ಎರಡೇ ನಿಮಿಷ, ಹಾಲು ಉಕ್ಕಲಿಲ್ಲ, ಅತ್ತೆಯ ಸಂತೋಷ ಉಕ್ಕಿತು. ಸೂಚನಾಫಲಕಕ್ಕೆ ದುಂಡಕ್ಷರದಲ್ಲಿ ಬರೆದು ಅಂಟಿಸಿದರು: "ಎರಡನೇ ಮಹಡಿಯ ಬೀಗದವರಿಗೆ ಧನ್ಯವಾದ. ಇಂಥ ಕೆಲಸಗಾರ ಇಡೀ ಊರಲ್ಲಿಲ್ಲ." ಆ ಧನ್ಯವಾದದ ಫೋಟೊ ಯಾರ ಕೈಯಿಂದಲೋ ನಿಮ್ಮ ಕಚೇರಿ ತಲುಪಿತು. ಆರನೇ ಕಿಟಕಿಗೆ ನನ್ನನ್ನು ಕರೆಸಿದಿರಿ.

"ದುಡ್ಡು ತಗೊಂಡಿಲ್ಲ ಸಾರ್."

"ತಗೊಂಡಿಲ್ಲ ಅನ್ನೋದಕ್ಕೆ ರಸೀದಿ ಇದೆಯಾ?"

"ತಗೊಳ್ಳದೇ ಇರೋದಕ್ಕೆ ಯಾರು ಸಾರ್ ರಸೀದಿ ಕೊಡ್ತಾರೆ?"

"ಹಾಗಾದ್ರೆ ಇಲ್ಲಿ ಸಹಿ ಹಾಕಿ."

ಹಾಕಿದೆ. ಇನ್ನೊಮ್ಮೆ ಇಂಥದ್ದು ನಡೆದರೆ ನನ್ನ ವಾಸ್ತವ್ಯ ರದ್ದು, ನನ್ನನ್ನು ಕಟ್ಟಿಕೊಂಡ ತಪ್ಪಿಗೆ ಹೆಂಡತಿಯದೂ ರದ್ದು. ಅವಳ ಪ್ರಯೋಗ ಆಗಿನ್ನೂ ಅರ್ಧವೂ ಮುಗಿದಿರಲಿಲ್ಲ.

ಅತ್ತೆ ಕಣ್ಣೀರು ಹಾಕಿದರು. "ಹೊಗಳೋಕೆ ಹೋಗಿ ನಿನ್ನ ಹೊಟ್ಟೆ ಮೇಲೆ ಹೊಡೆದೆನಲ್ಲೋ." ಅವರ ಹತ್ತಿರ ಇದ್ದದ್ದು ಒಂದೇ ಕೀ. ಇನ್ನೊಂದು ಮಾಡಿಸಿ ಯಾರಿಗಾದರೂ ಕೊಟ್ಟಿರಿ ಎಂದು ಪರವಾನಗಿ ಇರುವ ಬೀಗದವನ ವಿಳಾಸ ಕೊಟ್ಟೆ. "ಬೀಗದವನೇ ಅಳಿಯ ಆಗಿರೋವಾಗ ಕಂಡೋರ ಹತ್ರ ಕೀ ಮಾಡಿಸ್ಲಾ? ನಿನ್ನ ಪರ್ಮಿಷನ್ ಬರ್ಲಿ. ಮೊದಲನೇ ಗಿರಾಕಿ ನಾನೇ." ಮುದುಕಿಯ ಹಟ. ನಿಜ ಹೇಳಬೇಕೆಂದರೆ ನನಗೂ ಆ ಮಾತು ಹಿತವಾಗಿತ್ತು. ಇಲ್ಲಿ ನನ್ನನ್ನು ಕಸುಬುದಾರನೆಂದು ಕಂಡವರು ಅವರೊಬ್ಬರೇ. ಹಾಗಾಗಿ ಒತ್ತಾಯಿಸಲಿಲ್ಲ. ಅದನ್ನು ನನ್ನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಕಳೆದ ತಿಂಗಳು, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ ಆರು ನಿಮಿಷ. ಅತ್ತೆಯ ಮನೆಯೊಳಗಿಂದ ನೆಲಕ್ಕೆ ಚಮಚ ಬಡಿಯುವ ಸದ್ದು. ಓಡಿಹೋಗಿ ಬಾಗಿಲು ತಟ್ಟಿದೆ.

"ಬಿದ್ದೆ ಅಳಿಯಂದ್ರೇ. ಎದೆ ಹಿಡ್ಕೊಂಡಿದೆ. ಬಾಗಿಲು ತೆಗಿ."

ಆಂಬುಲೆನ್ಸಿಗೆ ಫೋನ್ ಮಾಡಿದೆ, "ಐದು ನಿಮಿಷ" ಎಂದರು. ಕಾವಲುಗಾರ ಪರವಾನಗಿಯ ಬೀಗದವನಿಗೆ ಮಾಡಿದ, ಅವನೂ ಐದು ನಿಮಿಷ ಎಂದ. ನನ್ನ ಕೈ ಬೀಗದ ಮೇಲೆ ಹೋಯಿತು. ಕಾವಲುಗಾರ ಮಣಿಕಟ್ಟು ಹಿಡಿದ. ಕೆಟ್ಟವನಲ್ಲ. "ಬೇಡ ಅಣ್ಣ, ಮೇಲೆ ಕ್ಯಾಮೆರಾ ಇದೆ. ಅತ್ತಿಗೆಯವರ ಓದು ಹಾಳಾಗುತ್ತೆ. ಐದು ನಿಮಿಷ ತಾನೇ."

ಒಂದೇ ಸಲಕ್ಕೆ ನಲವತ್ತು ನಿಮಿಷ ಎಂದಿದ್ದರೆ ಬಾಗಿಲು ಒಡೆಯುತ್ತಿದ್ದೆ. ಐದೈದರಂತೆ ಕೊಟ್ಟರು, ಐದೈದರಂತೆ ಕಾದೆ. ಅತ್ತೆ ಮೂರು ಸಲ ಕರೆದರು. ಮೂರನೆಯ ಸಲ, "ಇರ್ಲಿ ಬಿಡು, ನೀನು ಸಹಿ ಹಾಕಿದ್ದೀಯ" ಎಂದರು. ಆಮೇಲೆ ಚಮಚದ ಸದ್ದೂ ನಿಂತಿತು. ನಲವತ್ತೊಂದನೆಯ ನಿಮಿಷಕ್ಕೆ ಕಾವಲುಗಾರನನ್ನು ತಳ್ಳಿ ಬೀಗಕ್ಕೆ ಕೈಹಾಕಿದೆ. ಎರಡೇ ನಿಮಿಷ ಹಿಡಿಯಿತು. ಬಾಗಿಲು ಪೂರ್ತಿ ತೆರೆಯಲಿಲ್ಲ. ಅತ್ತೆ ಬಾಗಿಲ ತನಕ ತೆವಳಿಕೊಂಡು ಬಂದಿದ್ದರು. ಮೈ ಇನ್ನೂ ಬೆಚ್ಚಗಿತ್ತು.

ಆಂಬುಲೆನ್ಸಿನವರಿಗಿಂತಲೂ ಕೊನೆಗೆ ಬಂದ ಪರವಾನಗಿಯ ಬೀಗದವನು ಬೀಗ ಸವರಿ ನೋಡಿದ. "ಒಂದು ಗೀರೂ ಬಿದ್ದಿಲ್ಲ. ಯಾರ ಕೆಲಸ ಇದು?" ಕ್ಯಾಮೆರಾ ಮಾತಾಡಿತು, ನಿಮ್ಮ ನೋಟಿಸ್ ಬಂತು.

ಬಾಗಿಲು ಏಕೆ ತೆರೆದೆ ಎಂದು ನೀವು ಕೇಳಿದ್ದೀರಿ. ನಲವತ್ತೊಂದು ನಿಮಿಷ ಏಕೆ ತೆರೆಯಲಿಲ್ಲ ಎಂದು ಯಾವ ಕಚೇರಿಯೂ ಕೇಳಲಿಲ್ಲ. ಹೆಂಡತಿ ಮಾತ್ರ ಕೇಳಿದಳು, ಒಂದೇ ಸಲ: "ನನಗೋಸ್ಕರ ನಿಂತ್ಯಾ?" ಈಗ ಅವಳು ಪ್ರಯೋಗಾಲಯದಿಂದ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ನೆಲಮಹಡಿ ದಾಟುತ್ತಾಳೆ.

ಬೇಡಿಕೆ ಸಣ್ಣದು. ನನ್ನ ವಾಸ್ತವ್ಯ ರದ್ದುಮಾಡಿ, ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ಹೆಂಡತಿಯದನ್ನು ಮುಟ್ಟಬೇಡಿ, ಇನ್ನು ಹತ್ತು ತಿಂಗಳು ಅವಳ ಹುಳುಗಳ ಜೊತೆ ಅವಳನ್ನು ಬಿಡಿ, ಇಲ್ಲದಿದ್ದರೆ ನಾನು ಹೊರಗೆ ನಿಂತದ್ದಕ್ಕೆ ಆ ಒಂದು ಅರ್ಥವೂ ಉಳಿಯುವುದಿಲ್ಲ. ನಿಯಮದಿಂದ "ಸಂಬಳವಿಲ್ಲದೆ ಆಗಲಿ" ಎಂಬುದನ್ನು ಹೊಡೆದುಹಾಕಿ. ಅರ್ಜಿ ಹಾಕಿದವರಿಗೆ ಮೂವತ್ತು ದಿನದಲ್ಲಿ ಹೌದೋ ಇಲ್ಲವೋ ಹೇಳಿ. ಇಲ್ಲ ಎಂದಿದ್ದರೂ ಸಾಕಿತ್ತು ಸ್ವಾಮಿ. ಅತ್ತೆ ಹಟ ಬಿಟ್ಟು ಬೇರೆಯವನ ಹತ್ತಿರ ಕೀ ಮಾಡಿಸಿಕೊಳ್ಳುತ್ತಿದ್ದರು.

ಇನ್ನು ಯಾರಿಗೆ ಏನು ಸಿಕ್ಕಿತು. ಪರವಾನಗಿಯ ಬೀಗದವನಿಗೆ, ಬಂದುಹೋದ ಕೂಲಿ. ವಿಶ್ವವಿದ್ಯಾಲಯಕ್ಕೆ, ನೆಲಮಹಡಿಯಲ್ಲಿ ಖಾಲಿ ಮನೆ. ನಿಮಗೆ, ನನ್ನ ಕಡತದಲ್ಲಿ ಎರಡನೇ ಅಪರಾಧ. ಹೆಂಡತಿಗೆ, ನಿಮ್ಮ ಉತ್ತರ ಬರುವತನಕ ಸಮಯ. ನನಗೆ, ಬದಲಿಸಿ ಬಿಸಾಡಿದ ಅತ್ತೆಯ ಹಳೇ ಬೀಗ, ಒಂದೇ ಕೀ ಸಮೇತ. ಅತ್ತೆಗೆ, ಏನೂ ಇಲ್ಲ.

ಇಂತಿ,
ಸಹಿ ಹಾಕಿದ್ದಕ್ಕೆ ಕೈಕಟ್ಟಿ ನಿಂತ,
ಎರಡನೇ ಮಹಡಿಯ ಅವಲಂಬಿತ