ಹೊಸ ಬಿಟ್‌ಗೆ ಹಚ್ಚಿದ ಬೆಣ್ಣೆ

ಮಾರ್ಚ್ ೧೨, ಕುಮಾಸಿ

ಮರ ಕೊರೆಯುವ ರೌಟರ್ ಯಂತ್ರಕ್ಕೆ ತಂದ ಹೊಸ ಬಿಟ್‌ಗಳಿಗೆಲ್ಲ, ಅಂದರೆ ಅದರ ಅಲಗುಗಳಿಗೆ, ಕ್ವಾರ್ಟೆಂಗ್ ಮಾವ ಬೆಳಿಗ್ಗೆಯೇ ಶಿಯಾ ಕಾಯಿಯ ಬೆಣ್ಣೆ ಸವರಿಟ್ಟಿದ್ದ, ತುಕ್ಕು ಹಿಡಿಯದಿರಲೆಂದು ತನ್ನ ಬಾಚಿಗೆ ಸವರುವ ಹಾಗೆಯೇ. ನಾನು ಸೀಮೆಎಣ್ಣೆ ಹಾಕಿ ಒರೆಸತೊಡಗಿದೆ.

“ಹೊಸ ಕಬ್ಬಿಣಾನ ಉಪವಾಸ ಕೆಡವ್ತೀಯೇನೇ?” ಎಂದು ರೇಗಿದ.

“ಯಂತ್ರದ ಹಿಡಿತದಲ್ಲಿ ಬಿಟ್ಟಿನ ಬುಡ ಜಾರಿದ್ರೆ ಹಾರಿ ಬಂದು ಹೊಟ್ಟೆಗೆ ಚುಚ್ಚುತ್ತೆ, ಮಾವ.”

ನಂಬಲಿಲ್ಲ. ನಾನು ಯಂತ್ರದ ಪ್ಲಗ್ ಕಿತ್ತಿಟ್ಟೆ. ಮಾವ ಬೆಣ್ಣೆ ಹಚ್ಚಿದ ಬಿಟ್ಟೊಂದನ್ನು ಅದಕ್ಕೆ ಸಿಕ್ಕಿಸಿ ಬಿಗಿದು, ಬಟ್ಟೆ ಸುತ್ತಿ ಕೈಯಲ್ಲಿ ತಿರುವಿದ. ಬಿಗಿದಿದ್ದರೂ ತಿರುಗಿತು! ನಾನು ಒರೆಸಿದ್ದನ್ನು ಬಿಗಿದರೆ ಕದಲಲಿಲ್ಲ. ಮಗುವಿನಂತೆ ಮತ್ತೆ ಮತ್ತೆ ಎರಡನ್ನೂ ತಿರುವಿ ನೋಡಿದ. ಅಲಗು ಕಾಯುವ ಬೆಣ್ಣೆಯೇ ಹಿಡಿತ ಬಿಡಿಸುತ್ತದಲ್ಲ, ನನಗೂ ಇನ್ನೂ ಸೋಜಿಗ.

ಊಟವಾದ ಮೇಲೆ, ಸೀಮೆಎಣ್ಣೆಗೆ ಒಡೆದ ನನ್ನ ಕೈ ಎಳೆದುಕೊಂಡ. “ಇದಕ್ಕಾದ್ರೂ ಹಚ್ಚಬಹುದೇನಮ್ಮ, ಮೇಸ್ತ್ರಿ?”

ಧಾರಾಳವಾಗಿ ಹಚ್ಚಿದ. ಇದನ್ನು ಬರೆಯುವಾಗ ಪೆನ್ನೇ ಜಾರುತ್ತಿದೆ, ಇನ್ನು—