ಸ್ಯಾಂಪಲ್ ಅಕ್ಕಿಯ ಅನ್ನ

‘ನೀವು ಮನ್ಯಾಗಿದ್ರ ತಾನೇ ಯಾವ ಅಕ್ಕಿ ಯಾತಕ್ಕಂತ ನನಗ ಗೊತ್ತಾಗೋದು?’ ಎಂದೆಯಲ್ಲ ಶಿವಲೀಲಾ, ನೀನು ಹೇಳಿದ್ದು ಖರೆ.

ಅದು ಅಮೆರಿಕದ ವ್ಯಾಪಾರಿಗೆ ತೋರಿಸಲು ಮಿಲ್ಲಿನಿಂದ ತಂದ ಅಕ್ಕಿಯೆಂದು ನಾನು ಹೇಳಿಯೇ ಇರಲಿಲ್ಲ. ನಿನ್ನೆ ರಾತ್ರಿ, ತಿಂಗಳಾದ ಮೇಲೆ ಗಂಡ ಮನೆಗೆ ಬಂದಿದ್ದಾನೆಂದು ನೀನು ಅದನ್ನೇ ಬೇಯಿಸಿ ಬಡಿಸಿದೆ. ನಾನು ಬೈದು, ತಟ್ಟೆ ಸರಿಸಿ ಎದ್ದೆ. ಮಗಳ ಮುಂದೆ ಹಾಗೆ ಮಾಡಬಾರದಿತ್ತು.

ಸಿರವಾರದ ಮಿಲ್ಲಿನಿಂದ ಬೇರೆ ಸ್ಯಾಂಪಲ್ ಅಕ್ಕಿ ಬಂತು, ಚಿಂತಿಸಬೇಡ. ಮಗಳ ಶಾಲೆಯ ಫಾರ್ಮಿಗೆ ಸಹಿ ಹಾಕಿ ಟಿವಿ ಹತ್ತಿರ ಇಟ್ಟಿದ್ದೇನೆ. ಗ್ಯಾಸ್ ಇವತ್ತು ಬರುತ್ತದೆ. ವ್ಯಾಪಾರಕ್ಕೆ ಹೊರಟಿದ್ದೇನೆ, ಈ ಸಲ ಮನೆಗೆ ಬರಲು ಇಪ್ಪತ್ತು ದಿನವಾಗುತ್ತದೆ.

ಅವಳನ್ನು ಶಾಲೆಗೆ ಕರೆದೊಯ್ಯುವಾಗ ನೀನು ‘ಹುಷಾರಾಗಿ ಹೋಗಿ ಬರ್ರಿ’ ಎಂದೆ, ನನ್ನ ಮುಖ ನೋಡಲಿಲ್ಲ. ನೀನು ಹೋದ ಮೇಲೆ ನಿನ್ನೆಯ ಅದೇ ಅನ್ನಕ್ಕೆ ಮೊಸರು ಕಲಸಿಕೊಂಡು, ಒಂದಗುಳೂ ಬಿಡದೆ ಉಂಡೆ.