ಗೇಣುದ್ದದ ಮೋಟುಗಳು

ಕೃಷ್ಣಮೂರ್ತಿಪುರಂ, ಮೈಸೂರು
೭-೨-೨೦೦೧, ಬುಧವಾರ

ಚಿ. ಸೌ. ಶಿವಾನಿಗೆ, ನಿನ್ನ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಹೊಡೆದುಹಾಕಿದೆ. ಕ್ಷೇಮ ಇಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಈ ಕಾಗದ. ಏಳು ತಿಂಗಳ ಬಸುರಿಗೆ ಇಂಥದ್ದನ್ನೆಲ್ಲ ಬರೆಯಬಾರದು, ಗೊತ್ತು. ದಿಂಬಿಗೆ ಒರಗಿಕೊಂಡು, ಒಂದು ಲೋಟ ನೀರು ಕುಡಿದು ಓದು.

ಹೋದ ವಾರ ಅಳಿಯಂದಿರು ದಾವಣಗೆರೆಯಿಂದ ಫೋನ್ ಮಾಡಿದ್ದರು. ಆ ಮರ ಇರುವ ಮನೆಗೆ ಬಾಣಂತನಕ್ಕೆ ಬರುವುದಿಲ್ಲ ಎಂದೆಯಂತೆ. ಪಾಪ, ಮಹಾಂತೇಶ್ ತಡವರಿಸುತ್ತಾ ಹೇಳಿದರಂತೆ. ಫೋನ್ ಎತ್ತಿದ್ದು ನಿಮ್ಮಪ್ಪ. ಆಗಲಿ ಎಂದು ಇಟ್ಟವರು ಅವತ್ತು ಊಟಕ್ಕೆ ಬರಲಿಲ್ಲ. ಮಾರನೆಯ ದಿನ ಕುಂಬಾರಕೊಪ್ಪಲಿಗೆ ಹೋಗಿ, ಮರ ಕಡಿಯುವ ಬೆಟ್ಟಯ್ಯನಿಗೆ ಈ ಹನ್ನೆರಡನೇ ತಾರೀಖು ಸೋಮವಾರ ಬೆಳಿಗ್ಗೆ ಬಾ ಎಂದು ಹೇಳಿ ಬಂದಿದ್ದಾರೆ. ಹಿಮಚಂಪಾ ಮರವನ್ನು ಬುಡಸಮೇತ ತೆಗೆಸುತ್ತಾರಂತೆ.

ಇಪ್ಪತ್ತು ವರ್ಷದ ಮರ ಕಣೇ! ನೀನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಸಂಪಿಗೆ ಸಸಿಯ ಮೇಲೆ ಅವರೇ ಕಸಿ ಕಟ್ಟಿದ್ದು. ತಟ್ಟೆಯಗಲದ ಆ ಬಿಳಿ ಹೂವನ್ನು ಜಡೆಗೆ ಮುಡಿಸು ಎಂದು ನೀನು ರಂಪ ಮಾಡಿದ್ದೆ. ಬಸುರಿ ಮಗಳಿರುವಾಗ ಹಸಿ ಮರಕ್ಕೆ ಗರಗಸ ಹಾಕಿಸಬೇಡ್ರೀ ಅಂತ ಗೋಗರೆದೆ, ಕಾಲು ಹಿಡಿಯುವುದೊಂದು ಬಾಕಿ. ಮರ ಹೋದ್ರೆ ಹೋಗ್ಲಿ ಬುಡು, ಮಗಳು ಬರ್ಲಿ ಅಂತಾರೆ.

ಈಗಲೂ ನಾನು ಬಾಯಿ ಬಿಡದಿದ್ದರೆ ಆ ಶಿವನೂ ಮೆಚ್ಚುವುದಿಲ್ಲ. ಶಿವಾನಿ, ಅವತ್ತು ಚಿಗುರು ಕೊಯ್ದದ್ದು ನಿಮ್ಮಪ್ಪ ಅಲ್ಲ. ನಾನು.

ತೊಂಬತ್ತೊಂಬತ್ತರ ದಸರೆಗೆ ನೀನು ಐದು ತಿಂಗಳ ಬಸುರಿಯಾಗಿ ಬಂದಿದ್ದೆ. ಕಸಿಯ ಗಂಟಿನ ಕೆಳಗಿಂದ ಹೊರಡುವ ಸಂಪಿಗೆ ಚಿಗುರನ್ನು ನಿಮ್ಮಪ್ಪ ಕಳ್ಳಚಿಗುರು ಅನ್ನುತ್ತಿದ್ದರಲ್ಲ, ಬೇರಿನ ಸಾರವನ್ನೆಲ್ಲ ತಾನೇ ಹೀರಿ ಮೇಲಿನ ಮರವನ್ನು ಒಣಗಿಸುತ್ತೆ ಅಂತ ಹದಿನೈದು ದಿನಕ್ಕೊಮ್ಮೆ ತಪ್ಪದೆ ತೆಗೆಯುತ್ತಿದ್ದರು. ಕೊಂಬೆಯ ಮೇಲೆ ಕೋಲಿನ ಹಾಗೆ ನೆಟ್ಟಗೆ ಏಳುವ ನೀರುಚಿಗುರನ್ನೂ ಬಿಡುತ್ತಿರಲಿಲ್ಲ. ತೋಟಗಾರಿಕೆಯಲ್ಲಿ ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕೈ. ಅಂಥವರು, ನೀನು ಬಸುರಿ ಎಂದು ಗೊತ್ತಾದ ದಿನವೇ ಕತ್ತರಿಯನ್ನು ಮೊಳೆಗೆ ನೇತುಹಾಕಿದರು. ಹೆರಿಗೆ ಆಗೋವರೆಗೂ ಈ ಮನೇಲಿ ಒಂದು ಹಸಿ ಕಡ್ಡಿ ಮುರೀಕೂಡದು, ನಮ್ಮವ್ವ ಹೇಳ್ತಿದ್ಲು ಅಂದರು.

ನನಗೋ ಕಪ್‌ನ ಹುಚ್ಚು. ಮನೆತೋಟದ ಸ್ಪರ್ಧೆಯಲ್ಲಿ ಎದುರುಮನೆ ಕೃಷ್ಣಸ್ವಾಮಿಯವರಿಗೇ ಮೂರು ವರ್ಷದಿಂದ ಬಹುಮಾನ. ರಿಟೈರ್ ಆದ ಮೇಲಾದರೂ ನಿಮ್ಮಪ್ಪನಿಗೆ ಒಂದು ಬರಲಿ ಅನ್ನುವ ಆಸೆ. ಬೆಳಗಾದರೆ ತೀರ್ಪುಗಾರರು ಬರುತ್ತಾರೆ, ಮರದ ಬುಡ ನೋಡಿದರೆ ಪೊದೆ! ಅವರು ಮಠಕ್ಕೆ ಹೋಗಿದ್ದರು, ನೀನು ನಡುಮನೆಯಲ್ಲಿ ಮಲಗಿದ್ದೆ. ಕುಡುಗೋಲು ತಂದು ಕರಕರ ಕೊಯ್ದು ಹಿತ್ತಿಲಿಗೆ ಎಸೆದೆ. ಐದು ನಿಮಿಷದ ಕೆಲಸ. ಕೈಗೆ ಹಸಿ ಎಲೆಯ ವಾಸನೆ ಹತ್ತಿತೆಂದು ಸೋಪು ಹಾಕಿ ಎರಡು ಸಲ ತೊಳೆದೆ.

ಮೂರನೆಯ ದಿನ ನಿನಗೆ ನೋವು ಬಂತು. ಆಸ್ಪತ್ರೆಯಿಂದ ಬರಿಮಡಿಲಲ್ಲಿ ಬಂದವಳು ಹಿತ್ತಿಲಲ್ಲಿ ಬಾಡಿದ ಚಿಗುರಿನ ರಾಶಿ ನೋಡಿದೆ. ನನ್ನ ಮಗೂನ ನೀವೇ ಕೊಯ್ದು ಹಾಕಿದ್ರಿ ಅಂತ ಅಪ್ಪನ ಮುಖಕ್ಕೆ ಅಂದೆ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ತಲೆ ತಗ್ಗಿಸಿ ನಿಂತರು. ನಾನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆಗೆ ಹದಿನಾರು ತಿಂಗಳಾಯಿತು. ನೀನು ಅಪ್ಪನ ಜೊತೆ ಮಾತು ಬಿಟ್ಟೂ ಅಷ್ಟೇ ದಿನವಾಯಿತು. ಎರಡನೇ ಬಹುಮಾನದ ಕಪ್ ಏನೋ ಬಂತು. ಅದರಲ್ಲಿ ಬಟ್ಟೆಯ ಕ್ಲಿಪ್ಪು ಹಾಕಿಟ್ಟಿದ್ದೇನೆ.

ಗರ್ಭಕೋಶದ ಬಾಯಿ ಬಿಗಿ ಇಲ್ಲದ್ದಕ್ಕೇ ಹಾಗಾಯಿತು ಎಂದು ಡಾಕ್ಟರಮ್ಮ ಅವತ್ತೇ ಹೇಳಿದ್ದರು. ಈ ಸಲ ಹೊಲಿಗೆ ಹಾಕಿರುವುದೂ ಅದಕ್ಕೇ ತಾನೆ? ತಲೆಗೆ ಅರ್ಥವಾಗುತ್ತದೆ, ಕೈಗೆ ಆಗುವುದಿಲ್ಲ. ಕುಡುಗೋಲನ್ನು ಮತ್ತೆ ಮುಟ್ಟಿಲ್ಲ. ಹಿತ್ತಿಲ ಸೊಪ್ಪನ್ನು ಕೂಡ ಮನೆಗೆಲಸದ ಚಲುವಮ್ಮನ ಕೈಲೇ ಕೊಯ್ಯಿಸುತ್ತೇನೆ.

ಅವತ್ತಿನಿಂದ ನಿಮ್ಮಪ್ಪ ಆ ಮರಕ್ಕೆ ಕತ್ತರಿ ಮುಟ್ಟಿಸಿಲ್ಲ. ನಾನು ಕೊಯ್ದ ಒಂದೊಂದು ಕಡೆಯೂ ನಾಲ್ಕು ನಾಲ್ಕು ಹುಟ್ಟಿ, ಸಂಪಿಗೆ ನನ್ನ ತಲೆಗಿಂತ ಎತ್ತರ ಬೆಳೆದಿದೆ. ಹಿಮಚಂಪಾದ ತುದಿ ಒಣಗುತ್ತಿದೆ. ಹೋದ ವರ್ಷ ಬಿಟ್ಟದ್ದು ಎರಡೇ ಹೂವು.

ಸಿಟ್ಟನ್ನು ನನ್ನ ಮೇಲೆ ತಿರುಗಿಸು ಮಗಳೇ. ನನ್ನ ಕೈಯ ನೀರೂ ಬೇಡ ಅಂದರೆ ಸಿದ್ಧಾರ್ಥನಗರದ ನಿನ್ನ ಸೋದರತ್ತೆ ಬಂದು ಬಾಣಂತನ ಮಾಡುತ್ತಾಳೆ, ನಾನು ಅವಳ ಮನೆಗೆ ಹೋಗಿ ಇರುತ್ತೇನೆ. ಆದರೆ ಭಾನುವಾರ ಸಂಜೆಯೊಳಗೆ ಅಪ್ಪನಿಗೊಂದು ಫೋನ್ ಮಾಡು. ಮರ ಕಡಿಸಬೇಡಿ, ಬರ್ತೀನಿ ಅನ್ನು. ಅಷ್ಟು ಸಾಕು.

ನಿನಗೆ ಮುಖ ತೋರಿಸಲಾರದ,
ಅಮ್ಮ
ಸರ್ವಮಂಗಳಾ

ಇನ್ನೊಂದು ಮಾತು: ಇದನ್ನೂ ಕದ್ದು ಮಾಡುವುದು ಬೇಡ ಅನ್ನಿಸಿ, ಕವರು ಅಂಟಿಸುವ ಮೊದಲು ಕಾಗದವನ್ನು ನಿಮ್ಮಪ್ಪನ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಗೊತ್ತಿತ್ತು ಕಣೇ ಅಂದರು! ಅವರಾಗಿದ್ದರೆ ಮಣ್ಣು ಕೆದಕಿ, ಚಿಗುರನ್ನು ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯುತ್ತಿದ್ದರಂತೆ. ಗೇಣುದ್ದ ಮೋಟು ಬಿಟ್ಟು, ಸೊಪ್ಪು ಕೊಯ್ದ ಹಾಗೆ ಕೊಯ್ಯೋಳು ಈ ಮನೇಲಿ ಒಬ್ಬಳೇ ಅಂತೆ. ಮತ್ತೆ ಮಗಳ ಬಾಯಲ್ಲಿ ಅಂಥ ಮಾತು ಕೇಳಿಕೊಂಡು ಯಾಕ್ರೀ ಸುಮ್ಮನಿದ್ರಿ ಅಂತ ಅತ್ತುಬಿಟ್ಟೆ. ಅವಳು ಅಪ್ಪನ ಮೇಲೆ ಸಿಟ್ಟಾಗಿದ್ರೆ ಎಂಗೋ ನಡೀತದೆ, ಬಾಣಂತನಕ್ಕೆ ಅಮ್ಮ ಬೇಕಲ್ಲ ಅಂದರು. ಈಗ ಸ್ಪೀಡ್ ಪೋಸ್ಟ್ ಮಾಡಿ ಬರಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾರೆ.